ಹೊಳಪಿಗೆ ವೇಗವಲ್ಲ, ಲೆಕ್ಕ ಬೇಕು
(ದೆಹಲಿಯ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ಲೋಟ ತೊಳೆದವನು ಮೋಟಾರ್ ಸೈಕಲ್ ಪಾಲಿಷಿನ ವಿಷಯ ಏನು ಹೇಳಿಯಾನು ಎಂದು ತಾವು ಕೇಳಬಹುದು. ನಾವು ತೊಳೆಯುವಂಥ ಸ್ಟೀಲ್ ಲೋಟ, ತಟ್ಟೆಗಳಿಗೆ ಹೊಳಪು ಕೊಡುವವರು ವಜೀರ್‌ಪುರದ ಕಾರ್ಮಿಕರು. ಕರೋಲ್ ಬಾಗಿನ ನಾಯೀವಾಲಾದಲ್ಲಿ ಬುಲೆಟ್ಟಿನ ಎಂಜಿನ್ ಮುಚ್ಚಳ ಉಜ್ಜುವವರದೂ ಅದೇ ಕಸುಬು. ಹೋಟೆಲು ಬಿಟ್ಟ ನಮ್ಮ ಹುಡುಗರೂ ಕೆಲವರು ಆ ಕೆಲಸ ಹಿಡಿಯುತ್ತಿದ್ದಾರೆ. ಆದುದರಿಂದ ಈ ನಾಲ್ಕು ಮಾತು.

ಮೊದಲು ಕೆಲಸದ ಕ್ರಮ. ಅಲ್ಯುಮಿನಿಯಂ ಮುಚ್ಚಳದ ಜಿಡ್ಡು ತೊಳೆದು, 240, 400, 600 ನಂಬರಿನ ಉಜ್ಜುಕಾಗದವನ್ನು ನೀರು ಹಚ್ಚಿ ಒಂದಾದ ಮೇಲೊಂದು ಹಿಡಿಯಬೇಕು. ಹಿಂದಿನ ಗೀರು ಅಳಿಯದೆ ಮುಂದಿನ ಕಾಗದ ಮುಟ್ಟಬಾರದು. ಆಮೇಲೆ ನಾರಿನ ಚಕ್ರಕ್ಕೆ ಕಂದು ಟ್ರಿಪೋಲಿ ಬಿಲ್ಲೆ. ಕೊನೆಗೆ ಮೆದು ಬಟ್ಟೆಯ ಚಕ್ರಕ್ಕೆ ಬಿಳಿ ಬಿಲ್ಲೆ. ಒಂದರ ಚಕ್ರಕ್ಕೆ ಇನ್ನೊಂದನ್ನು ಹಚ್ಚಬಾರದು. ಸಂದಿಗೊಂದಿಗಳಿಗೆ ಸಣ್ಣ ರೋಟರಿ ಯಂತ್ರ, ಫೆಲ್ಟ್ ಮೊನೆ. ಕ್ರೋಮಿಯಂ ಲೇಪದ ಭಾಗಕ್ಕಾದರೆ ಉಜ್ಜುಕಾಗದ ಬೇಡವೇ ಬೇಡ. ಲೇಪ ಬಲು ತೆಳುವು.

ಇನ್ನು ಜೀವದ ಲೆಕ್ಕ. ಬೆಂಚಿನ ಮೋಟಾರು ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. ಕೈ ಗ್ರೈಂಡರು ಸುಮಾರು 11,000. ಸಣ್ಣ ರೋಟರಿ ಯಂತ್ರ 30,000ಕ್ಕೂ ಮೇಲೆ. ಆದರೆ ಆ ರೋಟರಿಗೆ ಸಿಕ್ಕಿಸುವ ತಂತಿ ಬ್ರಷ್ಷಿನ ಮಿತಿ ಸಾಮಾನ್ಯವಾಗಿ 15,000 ಮಾತ್ರ. ಮೀರಿದರೆ ತಂತಿ ಕಣ್ಣಿಗೇ ಹಾರುತ್ತದೆ. ಬೆಂಚಿನ ಎಂಟಂಗುಲದ ಚಕ್ರವನ್ನು ಕಾಪು ಕಳಚಿದ ಕೈ ಗ್ರೈಂಡರಿಗೆ ಹಾಕಿದರೆ ವೇಗ ನಾಲ್ಕು ಪಟ್ಟು. ಚಕ್ರವನ್ನು ಸೀಳುವ ಸೆಳೆತ ಸುಮಾರು ಹದಿನಾರು ಪಟ್ಟು! ಚಕ್ರದ ಮೇಲಿನ ಅಂಕಿ ಯಂತ್ರದ ಅಂಕಿಗಿಂತ ಕಡಿಮೆಯಿದ್ದರೆ, ಧಣಿ ಎಷ್ಟೇ ಅವಸರಪಡಿಸಲಿ, ಸ್ವಿಚ್ಚು ಒತ್ತಬೇಡಿ.

ಕನ್ನಡಕ ಹಾಕಿರಿ. ಸಡಿಲ ಕೈಗವಸು ಬೇಡ. ದೆಹಲಿಯ ಚಳಿಯಲ್ಲಿಯೂ ಕೊರಳಿಗೆ ಮಫ್ಲರು ಬೇಡ. ಬೆಂಚಿನಲ್ಲಿ ತುಂಡನ್ನು ಚಕ್ರದ ಕೆಳಭಾಗಕ್ಕೆ ಹಿಡಿಯಿರಿ; ಕಿತ್ತುಕೊಂಡರೂ ನಿಮ್ಮಿಂದಾಚೆಗೆ ಹೋಗುತ್ತದೆ.

ಧೂಳನ್ನು ಹಗುರಾಗಿ ಎಣಿಸಬೇಡಿ. ಅಲ್ಯುಮಿನಿಯಂ ಧೂಳು ಮದ್ದಿನಂತೆ ಸಿಡಿಯಬಲ್ಲದು. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನಿನಲ್ಲಿ ಗಾಡಿ ಚಕ್ರಗಳಿಗೆ ಪಾಲಿಷ್ ಮಾಡುವ ಕಾರ್ಖಾನೆ ಇದೇ ಧೂಳಿನಿಂದ ಸ್ಫೋಟಗೊಂಡು, ಒಟ್ಟು 146 ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕಬ್ಬಿಣದ ಕಿಡಿ ಹಾರುವಲ್ಲಿ ಅಲ್ಯುಮಿನಿಯಂ ಉಜ್ಜಬೇಡಿ; ದಿನದಿನವೂ ಧೂಳು ತೆಗೆಯಿರಿ.

ಕಾಯಿದೆ ಏನನ್ನುತ್ತದೆ? ಪ್ರತಿ ಸಾಣೆಯಂತ್ರದ ಬಳಿ ಚಕ್ರದ ಗರಿಷ್ಠ ವೇಗದ ಫಲಕ ಹಾಕತಕ್ಕದ್ದೆಂದು 1948ರ ಕಾರ್ಖಾನೆ ಕಾಯಿದೆಯ 30ನೆಯ ಕಲಮು ವಿಧಿಸಿತ್ತು. ವಿದ್ಯುತ್ತಿನಿಂದ ನಡೆಯುವಲ್ಲಿ ಹತ್ತು ಜನರಿದ್ದರೆ ಅದು ಕಾರ್ಖಾನೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಹತ್ತು ಇಪ್ಪತ್ತಾಗಿದೆ. ಮೂರು ನಾಲ್ಕು ಜನ ದುಡಿಯುವ ಗಲ್ಲಿಯ ಮಳಿಗೆ ಅಂದೂ ಹೊರಗಿತ್ತು, ಇಂದೂ ಹೊರಗಿದೆ. ಆದರೆ ಚಕ್ರ ಸಿಡಿಯುವಾಗ ತಲೆ ಎಣಿಸಿ ಸಿಡಿಯುವುದಿಲ್ಲ.

ಆದಕಾರಣ ನನ್ನ ಸೂಚನೆ ಇಷ್ಟೆ: ನಮ್ಮವರು ದುಡಿಯುವ ಪ್ರತಿ ಯಂತ್ರದ ಮೇಲೆ ಅದರ ಸುತ್ತಿನ ಅಂಕಿ, ಚಕ್ರದ ಮಿತಿಯ ಅಂಕಿ ಎರಡನ್ನೂ ದಪ್ಪಕ್ಷರದಲ್ಲಿ ಬರೆಯಿಸಬೇಕು. ಕನ್ನಡಕದ ಖರ್ಚು ಧಣಿಯದೆಂದು ಒಟ್ಟಾಗಿ ಕೇಳಬೇಕು. ಒಬ್ಬನೇ ಕೇಳಿದರೆ ಕೆಲಸ ಹೋದೀತು. ಗಲ್ಲಿಯವರೆಲ್ಲ ಕೇಳಿದರೆ ಕನ್ನಡಕ ಬಂದೀತು.