ಮಿರಗದ ಹುಳದ ದಾಯಾದಿಗಳು

ಜೂನ್ ಮೊದಲ ವಾರ ಕಳೆದು ಮಿರಗದ ಮಳೆ ಒಂದೆರಡು ಸಲ ಹದವಾಗಿ ಬಿದ್ದರೆ ಸಾಕು, ಬೀದರ್ ಜಿಲ್ಲೆಯ ಹಲಬರ್ಗಾದ ಹೊಲಗಳ ಬದುವಿನ ಮೇಲೆ ಮಖಮಲ್ಲಿನ ಚೂರಿನಂಥ ಕಡುಗೆಂಪು ಹುಳಗಳು ಹೊರಬೀಳುತ್ತವೆ. ಮುಟ್ಟಿದರೆ ಕಾಲು ಮಡಚಿ ಗುಂಡಿಯಂತಾಗುವ ಇವನ್ನು ಮಕ್ಕಳು ಬೆಂಕಿಪೊಟ್ಟಣದಲ್ಲಿ ಕೂಡಿಡುತ್ತಾರೆ. ಮರಾಠಿ ಮಾತಾಡುವ ಮನೆಗಳಲ್ಲಿ ಇದು ‘ಮೃಗಾಚಾ ಕಿಡಾ’, ಉರ್ದುವಿನಲ್ಲಿ ‘ಬೀರ್‌ಬಹೂಟಿ’, ಗಡಿಯಾಚೆಯ ತೆಲುಗಿನಲ್ಲಿ ‘ಆರುದ್ರ ಪುರುಗು’. ಇಷ್ಟು ಭಾಷೆಗಳಲ್ಲಿ ಹೆಸರು ಪಡೆದ ಜೀವಿ ಲೆಕ್ಕಕ್ಕೆ ಹುಳವೇ ಅಲ್ಲ. ಕಾಲು ಎಣಿಸಿದರೆ ಎಂಟು. ಜೇಡ, ಚೇಳು, ಉಣ್ಣಿಗಳ ಬಳಗದ್ದು. ವಿಜ್ಞಾನಿಗಳು ಮೈಟ್ ಎನ್ನುತ್ತಾರೆ, ಕನ್ನಡದ ಕೃಷಿ ಪುಸ್ತಕಗಳು ನುಸಿ ಎನ್ನುತ್ತವೆ.

ನುಸಿ ಎಂಬ ಮಾತು ಸ್ವಲ್ಪ ಗೊಂದಲದ್ದು. ಜೋಳದ ಚೀಲಕ್ಕೆ ಹಿಡಿಯುವುದೂ ನುಸಿ, ಸಂಜೆ ಕಣ್ಣಿಗೆ ಮುತ್ತುವುದೂ ನುಸಿ. ಆದರೂ ಮೈಟಿನ ಪರಿಚಯ ಬೀದರಿನ ರೈತರಿಗೆ ಹೊಸದಲ್ಲ. ಹೂವಿಲ್ಲದೆ, ಕಾಯಿಲ್ಲದೆ ಬರೀ ಎಲೆಯಾಗಿ ನಿಲ್ಲುವ ತೊಗರಿಯ ಗೊಡ್ಡು ರೋಗಕ್ಕೆ ಕಾರಣ ಒಂದು ವೈರಸ್ಸು. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ತಿರುಗುವುದು ಬರಿಗಣ್ಣಿಗೆ ಕಾಣದ ಒಂದು ನುಸಿ. ಹೊಲದ ನುಸಿ ಬೆಳೆ ಕೆಡಿಸುತ್ತದೆ. ಮನೆಯ ಹಿತ್ತಲಲ್ಲಿರುವವು ಮೈಗೇ ಬರುತ್ತವೆ.

ಮಿರಗದ ಹುಳ ಯಾರನ್ನೂ ಕಚ್ಚುವುದಿಲ್ಲ. ಕಚ್ಚುವುದು ಅದರ ದಾಯಾದಿಯಾದ ಚಿಗ್ಗರ್, ಅದರಲ್ಲೂ ಮರಿ ಮಾತ್ರ. ಬೆಳೆದ ಚಿಗ್ಗರ್ ಮಣ್ಣಿನಲ್ಲಿ ಕೀಟಗಳ ಮೊಟ್ಟೆ ತಿಂದುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಮೊಟ್ಟೆಯೊಡೆದು ಬಂದ ಆರು ಕಾಲಿನ ಮರಿ, ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಗಾತ್ರದ್ದು, ಹುಲ್ಲಿನ ತುದಿಗೋ ಒಣಎಲೆಯ ಮೇಲಕ್ಕೋ ಏರಿ ಕಾಯುತ್ತದೆ. ಇಲಿ ಸಿಕ್ಕರೆ ಇಲಿ, ಮನುಷ್ಯ ಸಿಕ್ಕರೆ ಮನುಷ್ಯ. ಚರ್ಮದೊಳಗೆ ಹೊಕ್ಕು ಕೂರುತ್ತದೆ, ರಕ್ತ ಹೀರುತ್ತದೆ ಎನ್ನುವುದೆಲ್ಲ ತಪ್ಪು ತಿಳಿವಳಿಕೆ. ಅದು ಚರ್ಮದ ಮೇಲೆಯೇ ಕೂತು ಜೊಲ್ಲು ಬಿಟ್ಟು, ಆ ಜಾಗದ ಜೀವಕೋಶಗಳನ್ನು ಕರಗಿಸಿ ಆ ರಸವನ್ನು ಕುಡಿಯುತ್ತದೆ. ಹಾಗಾಗಿ ಉಗುರಿನಿಂದ ಕೆರೆದು ‘ಒಳಗಿನ ಹುಳ’ ತೆಗೆಯಲು ಹೋದವರಿಗೆ ಸಿಗುವುದು ಗಾಯ ಮಾತ್ರ. ಸೋಪು ಹಚ್ಚಿ ಚೆನ್ನಾಗಿ ತಿಕ್ಕಿ ಸ್ನಾನ ಮಾಡಿದರೆ ಮೈಮೇಲಿನ ಮರಿಗಳು ಉದುರುತ್ತವೆ. ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು.

ಹಿತ್ತಲಲ್ಲಿ ಇವು ಇವೆಯೋ ಇಲ್ಲವೋ ತಿಳಿಯಲು ಹಳೆಯ ಉಪಾಯವೊಂದಿದೆ. ಕಪ್ಪು ತಟ್ಟೆಯನ್ನೋ ಕಪ್ಪು ರಟ್ಟನ್ನೋ ಅನುಮಾನದ ಜಾಗದಲ್ಲಿ ಇಟ್ಟು ಕೆಲವು ನಿಮಿಷ ಕಾಯುವುದು. ಚಿಗ್ಗರ್ ಇದ್ದರೆ ಕಿತ್ತಳೆ ಬಣ್ಣದ ಚುಕ್ಕಿಗಳು ಅಂಚಿನಲ್ಲಿ ಓಡಾಡುತ್ತವೆ. ನಾಲ್ಕಾರು ಕಡೆ ಹೀಗೆ ಇಟ್ಟು ನೋಡಿದವರಿಗೆ ಒಂದು ಸಂಗತಿ ಹೊಳೆಯುತ್ತದೆ: ಇವು ಅಂಗಳದ ತುಂಬ ಇರುವುದಿಲ್ಲ, ಅಲ್ಲಲ್ಲಿ ಗುಂಪಾಗಿರುತ್ತವೆ. ಬಿಸಿಲು ಬೀಳುವ, ಗುಡಿಸಿ ಸಾರಿಸಿದ ನೆಲದಲ್ಲಿ ಅವಕ್ಕೆ ಬದುಕಿಲ್ಲ. ಬಚ್ಚಲ ನೀರು ಹರಿಯುವ ಕಡೆ ಬೆಳೆದ ಹುಲ್ಲು, ಗೋಡೆಗೆ ಒರಗಿಸಿದ ತೊಗರಿ ಕಟ್ಟಿಗೆಯ ರಾಶಿ, ಕಣಿಕೆ ಬಣವಿಯ ಬುಡ, ಮುರಿದ ಗೋಡೆಯ ಕಲ್ಲುಗುಡ್ಡೆ: ನೆರಳು, ತೇವ, ಇಲಿ ಮೂರೂ ಒಟ್ಟಿಗೆ ಸೇರಿದ ಕಡೆ ಅವುಗಳ ಠಾಣೆ. ಇಡೀ ಹಿತ್ತಲಿಗೆ ವಿಷ ಹೊಡೆಯುವುದು ದುಡ್ಡು ದಂಡ. ಹುಲ್ಲು ಕೊಯ್ದು, ಕಟ್ಟಿಗೆಯನ್ನು ನೆಲದಿಂದ ಮೇಲೆತ್ತಿ, ಮನೆಯಿಂದ ದೂರ ಒಟ್ಟಿ, ಇಲಿಯ ಬಿಲ ಮುಚ್ಚಿದರೆ ಅರ್ಧ ಕೆಲಸ ಮುಗಿದಂತೆ. ಆಮೇಲೂ ಉಳಿದ ಮೂಲೆಗಳಿಗೆ ಗಂಧಕದ ಪುಡಿ ಉದುರಿಸುವ ರೂಢಿ ಹಳೆಯದು. ಉದ್ದು, ಹೆಸರಿನ ಬೂದಿ ರೋಗಕ್ಕೆ ಗಂಧಕ ಹೊಡೆಯುವ ರೈತರಿಗೆ ಅದು ಅಪರಿಚಿತವಲ್ಲ. ಕಣ್ಣಿಗೆ ಬಿದ್ದರೆ ಉರಿಯುತ್ತದೆ ಎನ್ನುವುದೂ ಅವರಿಗೆ ಗೊತ್ತು.

ಕೋಳಿ ಸಾಕುವ ಮನೆಯ ತಂಟೆಯೇ ಬೇರೆ. ಕೋಳಿಯ ಕೆಂಪು ನುಸಿ ಹಗಲೆಲ್ಲ ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಹಗಲು ಕೋಳಿಯನ್ನು ಎತ್ತಿ ನೋಡಿದರೆ ಏನೂ ಕಾಣದು. ದೀಪ ಹಿಡಿದು ರಾತ್ರಿ ನೋಡಬೇಕು. ಕೋಳಿ ಮಾರಿ ಗೂಡು ಖಾಲಿ ಮಾಡಿದರೂ ಅದು ಉಪವಾಸವಿದ್ದು ತಿಂಗಳುಗಟ್ಟಲೆ ಕಾಯಬಲ್ಲದು. ಹಸಿವಾದಾಗ ಪಕ್ಕದಲ್ಲಿ ಮಲಗಿದ ಮನುಷ್ಯರನ್ನೂ ಬಿಡದು. ಮಾಡಿನಲ್ಲಿ ಪಾರಿವಾಳ ಗೂಡು ಬಿಟ್ಟು ಹೋದ ಮೇಲೆ ಮನೆಮಂದಿಗೆಲ್ಲ ತುರಿಕೆ ಶುರುವಾಗುವುದೂ ಹೀಗೆಯೇ. ಕೋಳಿಯ ಇನ್ನೊಂದು ಶತ್ರು, ಚಪ್ಪಟೆ ಉಣ್ಣಿ, ಇದಕ್ಕಿಂತ ಹಟಮಾರಿ, ವರ್ಷಗಟ್ಟಲೆ ಹಸಿದಿರುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೋಡಲು ಚಂದ, ಆದರೆ ಅದರ ಮೈತುಂಬ ತೂತು. ಅಂಥ ಕಲ್ಲಿನ ಗೋಡೆಗೆ ಒರಗಿಸಿ ಗೂಡು ಕಟ್ಟಿದವರು ಸಂದಿಗಳನ್ನು ಗಾರೆಯಿಂದ ಮುಚ್ಚಿ ಸುಣ್ಣ ಬಳಿಯದೆ ಬರೀ ಕೋಳಿಯ ಮೈಗೆ ಔಷಧಿ ಹಾಕಿದರೆ ಉಪಯೋಗವಿಲ್ಲ.

ದನದ ಉಣ್ಣಿಯ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ಹೊಟ್ಟೆ ತುಂಬಿದ ಒಂದು ಹೆಣ್ಣುಣ್ಣಿ ನೆಲಕ್ಕೆ ಬಿದ್ದು ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ. ದೇವಣಿ ಹಸುವಿನ ಮೈಯಿಂದ ಕಿತ್ತದ್ದನ್ನು ಕೊಟ್ಟಿಗೆಯಲ್ಲೇ ಎಸೆದರೆ ಬಿತ್ತನೆ ಮಾಡಿದಂತೆ. ಹತ್ತಿಗೆ ಹೊಡೆಯುವ ಕೀಟನಾಶಕವನ್ನು ದನದ ಮೈಗೆ ಬಳಿಯುವವರೂ ಇದ್ದಾರೆ. ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಬೀದರಿನ ನಂದಿನಗರದಲ್ಲಿರುವಾಗ ದನದ ಔಷಧಿಯನ್ನು ವೈದ್ಯರನ್ನು ಕೇಳದೆ ಅಂಗಡಿಯವನನ್ನು ಕೇಳುವುದು ವಿಚಿತ್ರವೇ.

ಕರ್ನಾಟಕದಲ್ಲಿ ಈ ಬಳಗದ ಹೆಸರು ಕೇಳಿದೊಡನೆ ನೆನಪಾಗುವುದು 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಅದು ಕಾಡಿನ ಉಣ್ಣಿಯ ಕೆಲಸ. ಬಯಲುಸೀಮೆಯ ಪೊದೆ, ಹಿತ್ತಲುಗಳಲ್ಲಿ ಎಚ್ಚರಿಕೆ ಬೇಕಾದದ್ದು ಚಿಗ್ಗರ್ ಮರಿ ತರುವ ಸ್ಕ್ರಬ್ ಟೈಫಸ್ ಜ್ವರಕ್ಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾ ಗಡಿಯ ಸೈನಿಕರನ್ನು ಸಾವಿರಗಟ್ಟಲೆ ಮಲಗಿಸಿದ ಈ ಜ್ವರ ಇಂದು ಕರ್ನಾಟಕದ ಹಲವು ಜಿಲ್ಲೆಗಳಲ್ಲಿ, ಹೆಚ್ಚಾಗಿ ಮಳೆಗಾಲದಿಂದ ಚಳಿಗಾಲದ ತನಕ, ಕಾಣಿಸಿಕೊಳ್ಳುತ್ತದೆ. ಕಡಿತವಾಗಿ ಸುಮಾರು ಹತ್ತು ದಿನಕ್ಕೆ ಜ್ವರ, ತಲೆಸಿಡಿತ, ಮೈಕೈ ನೋವು. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಗೆ ಬಗ್ಗುವ ರೋಗ, ಬೇಗ ಗುರುತು ಹಿಡಿದರೆ. ಹಿಡಿಯದಿದ್ದರೆ ಶ್ವಾಸಕೋಶ, ಮಿದುಳಿನವರೆಗೂ ಹೋದೀತು. ಕಡಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಕೆಲವರಲ್ಲಿ ಕಾಣುತ್ತದೆ. ಅದು ಸೊಂಟಪಟ್ಟಿಯ ಕೆಳಗೋ, ತೊಡೆಸಂದಿಯಲ್ಲೋ, ಕಂಕುಳಲ್ಲೋ ಇರುತ್ತದೆ. ನೋವಾಗಲಿ ತುರಿಕೆಯಾಗಲಿ ಇರುವುದಿಲ್ಲವಾದ್ದರಿಂದ ವೈದ್ಯರು ಹುಡುಕಿ ತೋರಿಸುವವರೆಗೆ ರೋಗಿಗೇ ಅದು ಗೊತ್ತಿರುವುದಿಲ್ಲ.