ನಾಲ್ಕು ಕಾಲಂಗಳಲ್ಲಿ ಒಂದು ಹಳ್ಳಿ



ಒಂದು ಹಳ್ಳಿಯಲ್ಲಿ ಎಷ್ಟು ಜನರಿದ್ದಾರೆ ಎಂದು ಕೇಳಿದರೆ ಉತ್ತರ ಸುಲಭ. ಅವರು ಏನು ಮಾಡಿ ಬದುಕುತ್ತಾರೆ ಎಂದು ಕೇಳಿದರೆ ಅಷ್ಟು ಸುಲಭವಲ್ಲ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನವರೇ. 1948ರಲ್ಲಿ ಅವರು ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ ಅಧ್ಯಯನ ನಡೆಸಿದರು. ಬರಹದಲ್ಲಿ ಆ ಊರಿಗೆ ಅವರು ಕೊಟ್ಟ ಹೆಸರು ರಾಮಪುರ. ಆಗ ಅಲ್ಲಿದ್ದವರು 1,523 ಮಂದಿ. ಹತ್ತೊಂಬತ್ತು ಹಿಂದೂ ಜಾತಿಗಳು, ಜೊತೆಗೆ ಮುಸ್ಲಿಮರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಒಕ್ಕಲಿಗರು. ಕಮ್ಮಾರ, ಅಗಸ, ಕ್ಷೌರಿಕರಿಗೆ ವರ್ಷದ ಕೆಲಸಕ್ಕೆ ಸುಗ್ಗಿಯಲ್ಲಿ ಧಾನ್ಯ ಅಳೆಯುತ್ತಿದ್ದರು. ಜಾತಿಗೊಂದು ಕಸುಬು ಎಂದು ದೂರದಿಂದ ಕಂಡರೂ ಬೇಸಾಯ ಯಾವುದೇ ಒಂದು ಜಾತಿಯ ಸೊತ್ತಾಗಿರಲಿಲ್ಲ. ತಿದಿ ಒತ್ತುವ ಕೈ ನೇಗಿಲನ್ನೂ ಹಿಡಿಯುತ್ತಿತ್ತು. ಒಬ್ಬನಿಗೆ ಒಂದೇ ಕಸುಬು ಎಂಬುದು ಹಳ್ಳಿಯ ಬದುಕಿಗೆ ಒಗ್ಗುವ ಮಾತಲ್ಲ.

ಜನಗಣತಿಯ ಫಾರಂ ಕೇಳುವುದು ಮಾತ್ರ ಅದನ್ನೇ. 2011ರ ಗಣತಿಯಲ್ಲಿ ದುಡಿಯುವವರಿಗಿದ್ದ ಗುಂಪುಗಳು ನಾಲ್ಕು: ಸಾಗುವಳಿದಾರರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆಯವರು, ಇತರರು. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದರೆ ಮುಖ್ಯ ಕೆಲಸಗಾರ. ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರ. ಒಂದು ಎಕರೆ ಇಟ್ಟುಕೊಂಡು ಉಳಿದ ದಿನ ಕೂಲಿಗೆ ಹೋಗುವವನು ಮೊದಲ ಕಾಲಂಗೆ ಸೇರುತ್ತಾನೋ, ಎರಡನೆಯದಕ್ಕೋ? ಯಾವ ಕೆಲಸ ಹೆಚ್ಚೋ ಅದಕ್ಕೆ. ಇನ್ನೊಂದು ಕೆಲಸ ಆ ಲೆಕ್ಕದಲ್ಲಿ ಕಾಣುವುದಿಲ್ಲ.

ಆದರೂ ಈ ಕಾಲಂಗಳು ಹೇಳುವ ಕಥೆ ಸಣ್ಣದಲ್ಲ. 1951ರಲ್ಲಿ ದೇಶದಲ್ಲಿ ಸಾಗುವಳಿದಾರರು ಸುಮಾರು 7 ಕೋಟಿ, ಕೃಷಿ ಕಾರ್ಮಿಕರು 2.7 ಕೋಟಿ. 2011ಕ್ಕೆ ಸಾಗುವಳಿದಾರರು 11.9 ಕೋಟಿ, ಕಾರ್ಮಿಕರು 14.4 ಕೋಟಿ. ಹೊಲವಿದ್ದವರಿಗಿಂತ ಹೊಲಕ್ಕೆ ಕೂಲಿಗೆ ಹೋಗುವವರೇ ಹೆಚ್ಚಾದರು. ಅಪ್ಪನ ಜಮೀನು ಮಕ್ಕಳಲ್ಲಿ ಭಾಗವಾಗುತ್ತ ಬಂತು. 1970-71ರಲ್ಲಿ ಸರಾಸರಿ 2.28 ಹೆಕ್ಟೇರ್ ಇದ್ದ ಹಿಡುವಳಿ 2015-16ರ ಹೊತ್ತಿಗೆ 1.08 ಹೆಕ್ಟೇರಿಗೆ ಇಳಿಯಿತು.

ಇನ್ನು ಮನೆಯ ಹೆಂಗಸಿನ ಮಾತು. ನಸುಕಿಗೇ ಎದ್ದು ಕೊಟ್ಟಿಗೆ ಗುಡಿಸಿ, ಹಾಲು ಕರೆದು ಡೇರಿಗೆ ಹಾಕಿ, ಹೊತ್ತೇರಿದ ಮೇಲೆ ಸ್ವಂತ ಹೊಲದಲ್ಲಿ ಕಳೆ ಕೀಳುತ್ತಾಳೆ. ಕೂಲಿ ಸಿಗದಿದ್ದರೂ ಹೊಲದ ಈ ದುಡಿಮೆ, ಹಾಲಿನ ಈ ದುಡಿಮೆ ಗಣತಿಯ ನಿಯಮದಂತೆ ಕೆಲಸವೇ. ಅಡುಗೆ, ನೀರು, ಸೌದೆ ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಎಣಿಕೆದಾರರು ಕೇಳಿದಾಗ ಜಗಲಿಯ ಮೇಲೆ ಕೂತ ಯಜಮಾನ 'ಅವಳೇನು ಮಾಡ್ತಾಳೆ, ಮನೇಲೇ ಇರ್ತಾಳೆ' ಎಂದುಬಿಟ್ಟರೆ ಮುಗಿಯಿತು. ಆಕೆ ದುಡಿಯದವರ ಸಾಲಿಗೆ ಸೇರುತ್ತಾಳೆ. ಯೋಜನೆ ರೂಪಿಸುವವರ ಕೈಗೆ ಹೋಗುವುದು ಆ ಸಾಲೇ ಹೊರತು ಆಕೆಯ ಬೆನ್ನುನೋವಲ್ಲ.

2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್ ಕಾರಣದಿಂದ ಮುಂದಕ್ಕೆ ಹೋಯಿತು. 2025ರ ಅಧಿಸೂಚನೆ, ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಗೊತ್ತುಮಾಡಿತು. ಫಾರಂನ ಕಾಲಂಗಳನ್ನು ಹಳ್ಳಿಯವರು ಬದಲಿಸಲಾರರು. ಉತ್ತರ ಮಾತ್ರ ಅವರದೇ. ಎಣಿಕೆದಾರರು ಕದ ತಟ್ಟಿದಾಗ ಯಜಮಾನರು ಒಂದು ಕ್ಷಣ ಸುಮ್ಮನಿದ್ದು, ಹಿತ್ತಲಲ್ಲಿರುವ ಆಕೆಯನ್ನೇ ಕರೆದರೆ ಸಾಕು. ಏನೇನು ಕೆಲಸ ಮಾಡುತ್ತೇನೆಂದು ಆಕೆಯೇ ಹೇಳಲಿ.