ಮಾತು ಮತಗಟ್ಟೆ ತಲುಪುವ ದಾರಿ

ನಮ್ಮ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗಗಳಲ್ಲಿ ರಾಜಕೀಯ ಸಂವಹನದ ಬಗ್ಗೆ ಕಿರುಪ್ರಬಂಧ ಬರೆಯಲು ಒಂದು ಸಿದ್ಧ ಹಾದಿಯಿದೆ. ಎರಡು ಮೂರು ದಿನಪತ್ರಿಕೆಗಳನ್ನು ಆರಿಸಿಕೊಳ್ಳುವುದು, ಮತದಾನಕ್ಕೆ ಹಿಂದಿನ ಒಂದು ತಿಂಗಳ ಸಂಚಿಕೆಗಳನ್ನು ತರಿಸುವುದು, ಯಾವ ಪಕ್ಷಕ್ಕೆ ಎಷ್ಟು ಕಾಲಂ ಸೆಂಟಿಮೀಟರ್ ಜಾಗ ಸಿಕ್ಕಿತು, ಎಷ್ಟು ಫೋಟೊ ಬಂತು, ಒಲವು ಯಾವ ಕಡೆಗಿತ್ತು ಎಂದು ಎಣಿಸುವುದು. ಕೊನೆಯ ಅಧ್ಯಾಯದಲ್ಲಿ ಮಾಧ್ಯಮಗಳು ಮತದಾರರ ಮೇಲೆ ಗಾಢ ಪ್ರಭಾವ ಬೀರಿವೆ ಎಂಬ ತೀರ್ಮಾನ. ಎಣಿಕೆಯಲ್ಲಿ ತಪ್ಪಿರುವುದಿಲ್ಲ, ಆದರೆ ಆ ತೀರ್ಮಾನಕ್ಕೆ ಆ ಎಣಿಕೆಯಲ್ಲಿ ಆಧಾರವೇ ಇರುವುದಿಲ್ಲ. ಪುಟದ ಮೇಲೆ ಏನಿತ್ತು ಎಂಬುದನ್ನು ತಿಳಿದವರು ಅದನ್ನು ಯಾರು ಓದಿದರು, ಯಾರೊಡನೆ ಮಾತಾಡಿದರು, ಅದಕ್ಕೆ ಹಣ ಎಲ್ಲಿಂದ ಬಂತು ಎಂಬುದನ್ನು ತಿಳಿದಂತಾಗುವುದಿಲ್ಲ. ರಾಜಕೀಯ ಸಂವಹನವನ್ನು ಸ್ನಾತಕೋತ್ತರ ಹಂತದಲ್ಲಿ ಓದುವುದೆಂದರೆ ಮಾತು ಹೊರಟ ಜಾಗದಿಂದ ಮತದಾರರ ಮನೆಯವರೆಗಿನ ಇಡೀ ದಾರಿಯನ್ನು ಓದುವುದು ಎಂಬುದು ಈ ಉಪನ್ಯಾಸದ ವಾದ. ಪತ್ರಿಕೆ ಮತ್ತು ಟಿ.ವಿ. ಆ ದಾರಿಯ ಒಂದು ತುಣುಕು ಮಾತ್ರ.

ಈ ಅಧ್ಯಯನ ಶಾಖೆ ಹುಟ್ಟಿದ್ದೇ ಒಂದು ಅನಿರೀಕ್ಷಿತ ಉತ್ತರದಿಂದ. 1940ರಲ್ಲಿ ರೂಸ್‌ವೆಲ್ಟ್ ಮತ್ತು ವಿಲ್ಕಿ ನಡುವೆ ಅಧ್ಯಕ್ಷೀಯ ಚುನಾವಣೆ ನಡೆದಾಗ ಸಂಶೋಧಕ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ಒಹಾಯೊ ರಾಜ್ಯದ ಈರಿ ಎಂಬ ಒಂದೇ ಕೌಂಟಿಗೆ ಹೋದರು. ಮೇ ತಿಂಗಳಿಂದ ನವೆಂಬರ್‌ವರೆಗೆ 600 ಜನರನ್ನು ಮತ್ತೆ ಮತ್ತೆ ಭೇಟಿಯಾಗಿ ಮಾತಾಡಿಸಿದರು. ರೇಡಿಯೊ ಮತ್ತು ಪತ್ರಿಕೆಗಳು ಮತವನ್ನು ಹೇಗೆ ತಿರುಗಿಸುತ್ತವೆ ಎಂಬುದು ಅವರ ಕುತೂಹಲ. ಆದರೆ ಪ್ರಚಾರದಿಂದಾಗಿ ಒಂದು ಪಕ್ಷ ಬಿಟ್ಟು ಇನ್ನೊಂದಕ್ಕೆ ಹೊರಳಿದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. ಸುಮಾರು ಅರ್ಧದಷ್ಟು ಜನ ಮೇ ತಿಂಗಳಲ್ಲೇ ಮನಸ್ಸು ಮಾಡಿಬಿಟ್ಟಿದ್ದರು. ಮನಸ್ಸು ಬದಲಿಸಿದವರಲ್ಲಿ ಅನೇಕರು ಪತ್ರಿಕೆಯ ಹೆಸರು ಹೇಳಲಿಲ್ಲ, ಮನೆಯವರ, ನೆರೆಯವರ, ಜೊತೆ ಕೆಲಸ ಮಾಡುವವರ ಮಾತು ಹೇಳಿದರು. ಸುದ್ದಿ ಮೊದಲು ಸುತ್ತಮುತ್ತಲಿನ ಬಲ್ಲವರನ್ನು ಮುಟ್ಟಿ, ಅವರ ಮೂಲಕ ಉಳಿದವರಿಗೆ ಇಳಿಯುತ್ತದೆ ಎಂಬ ಎರಡು ಹಂತದ ಹರಿವಿನ ಸಿದ್ಧಾಂತ ಮೂಡಿದ್ದು ಇಲ್ಲಿಂದ. 1968ರಲ್ಲಿ ಮೆಕ್‌ಕೂಂಬ್ಸ್ ಮತ್ತು ಶಾ ಎಂಬ ಸಂಶೋಧಕರು ಅಮೆರಿಕದ ಚಾಪೆಲ್ ಹಿಲ್‌ನಲ್ಲಿ, ಇನ್ನೂ ನಿರ್ಧರಿಸದಿದ್ದ 100 ಮತದಾರರು ಮುಖ್ಯವೆಂದ ವಿಷಯಗಳನ್ನು ಮಾಧ್ಯಮ ಮುಖ್ಯವೆಂದ ವಿಷಯಗಳ ಪಕ್ಕಕ್ಕಿಟ್ಟು ನೋಡಿದರು. ಈ ಎರಡೂ ಅಧ್ಯಯನಗಳು ನಮ್ಮ ಪಠ್ಯಕ್ರಮದಲ್ಲಿವೆ, ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಯಾಗಿ ಬರುತ್ತವೆ. ಆ ಸಂಶೋಧಕರು ಜನರ ಬಳಿಗೆ ಹೋಗಿದ್ದರು ಎಂಬ ಅಂಶ ಮಾತ್ರ ನಮ್ಮ ಕಿರುಪ್ರಬಂಧಗಳ ವಿಧಾನಕ್ಕೆ ಇಳಿದು ಬಂದಿಲ್ಲ.

ಪುಟವನ್ನಷ್ಟೇ ಓದುತ್ತೇವೆ ಎಂದರೂ ಯಾವ ಪುಟ ಎಂಬ ಪ್ರಶ್ನೆ ತಪ್ಪುವುದಿಲ್ಲ. ಕನ್ನಡದ ದೊಡ್ಡ ದಿನಪತ್ರಿಕೆಗಳು ಹಲವು ಊರುಗಳಲ್ಲಿ ಅಚ್ಚಾಗುತ್ತವೆ, ಜಿಲ್ಲೆಗೊಂದು ಸ್ಥಳೀಯ ಪುಟ ಇರುತ್ತದೆ. ವಿಧಾನಸಭಾ ಅಭ್ಯರ್ಥಿಯ ಸುದ್ದಿ ಬರುವುದು ಹೆಚ್ಚಾಗಿ ಆ ಪುಟಗಳಲ್ಲಿ. ಬೆಂಗಳೂರು ಆವೃತ್ತಿಯನ್ನು ಗ್ರಂಥಾಲಯದಲ್ಲಿ ಕೂತು ಅಳೆದವರು ಯಾದಗಿರಿಯ ಓದುಗರು ಕಂಡ ಪತ್ರಿಕೆಯನ್ನು ನೋಡಿಯೇ ಇರುವುದಿಲ್ಲ. ಮೈಸೂರಿನ ‘ಆಂದೋಲನ’ದಂಥ ಪ್ರಾದೇಶಿಕ ಪತ್ರಿಕೆಗಳಂತೂ ಇಂಥ ಅಧ್ಯಯನಗಳ ಪಟ್ಟಿಗೆ ಸೇರುವುದೇ ಅಪರೂಪ. ಸುದ್ದಿ ವಾಹಿನಿಗಳ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು. ರಾತ್ರಿ ಒಂಬತ್ತರ ಚರ್ಚೆ ಮುಗಿದ ಮೇಲೆ ಅದರ ಪೂರ್ಣ ದಾಖಲೆ ಹುಡುಕುವ ವಿದ್ಯಾರ್ಥಿಗೆ, ವಾಹಿನಿಯೇ ಯೂಟ್ಯೂಬ್‌ಗೆ ಏರಿಸಿದ ತುಣುಕುಗಳ ಹೊರತು ಹೆಚ್ಚೇನೂ ಕೈಗೆ ಸಿಗುವುದಿಲ್ಲ.

ದಾರಿಯ ಇನ್ನೊಂದು ತುದಿಯಲ್ಲಿ ಹಣವಿದೆ. 2009ರ ಚುನಾವಣೆಗಳ ಬಳಿಕ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ ಕಾಸಿಗಾಗಿ ಸುದ್ದಿಯ ಬಗ್ಗೆ ವರದಿ ಕೊಟ್ಟಿತು. 2011ರಲ್ಲಿ ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. 2007ರ ಚುನಾವಣೆಯ ವೇಳೆ ಎರಡು ಹಿಂದಿ ಪತ್ರಿಕೆಗಳಲ್ಲಿ ಸುದ್ದಿಯ ರೂಪದಲ್ಲಿ ಬಂದ ಬರಹದ ಖರ್ಚು ಅವರ ಲೆಕ್ಕದಲ್ಲಿ ಇರಲಿಲ್ಲ ಎಂಬುದು ಕಾರಣ. ಪುಟವನ್ನು ಎಷ್ಟು ಸಲ ಅಳೆದರೂ ಆ ಬರಹ ಅನುಕೂಲಕರ ಸುದ್ದಿಯಾಗಿಯೇ ಕಾಣುತ್ತಿತ್ತು. ಖರ್ಚಿನ ಲೆಕ್ಕವನ್ನು ಅದರ ಪಕ್ಕಕ್ಕಿಟ್ಟಾಗಲೇ ಅದರ ನಿಜಸ್ವರೂಪ ತಿಳಿದದ್ದು. ಈ ಲೆಕ್ಕ ಗುಟ್ಟಿನ ದಾಖಲೆಯಲ್ಲ. ಫಲಿತಾಂಶ ಬಂದ 30 ದಿನಗಳೊಳಗೆ ಪ್ರತಿ ಅಭ್ಯರ್ಥಿಯೂ ಅದನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. 1961ರ ಚುನಾವಣಾ ನಿಯಮಗಳ ಪ್ರಕಾರ ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ವಿಧಾನಸಭಾ ಅಭ್ಯರ್ಥಿಗೆ ಕರ್ನಾಟಕದಲ್ಲಿ 2022ರಿಂದ 40 ಲಕ್ಷ ರೂಪಾಯಿ ಮಿತಿ, ಪಕ್ಷಗಳಿಗೆ ಮಿತಿಯೇ ಇಲ್ಲ. ಅಭ್ಯರ್ಥಿಯ ಖರ್ಚು ಎಲ್ಲಿ ಪಕ್ಷದ ಖರ್ಚಿನೊಳಗೆ ಅಡಗುತ್ತದೆ ಎಂದು ಹುಡುಕುವುದು ಒಂದು ಒಳ್ಳೆಯ ಕಿರುಪ್ರಬಂಧಕ್ಕೆ ಸಾಕಷ್ಟು ದೊಡ್ಡ ಕೆಲಸ.

2023ರ ಮೇ 10ರ ವಿಧಾನಸಭಾ ಚುನಾವಣೆಯನ್ನೇ ಈ ಕಣ್ಣಿನಿಂದ ನೋಡೋಣ. ಮತದಾನಕ್ಕೆ ಕೆಲವೇ ದಿನ ಮೊದಲು ಆಗಿನ ಬಿಜೆಪಿ ಸರ್ಕಾರದ ಮೇಲೆ ಭ್ರಷ್ಟಾಚಾರದ ದರಪಟ್ಟಿ ಹೊರಿಸಿದ ಕಾಂಗ್ರೆಸ್ ಜಾಹೀರಾತು ಪತ್ರಿಕೆಗಳಲ್ಲಿ ಬಂತು, ಆಯೋಗ ನೋಟಿಸ್ ಕೊಟ್ಟಿತು. ಮತದಾನದ ದಿನ ಮತ್ತು ಅದರ ಹಿಂದಿನ ದಿನ ಪತ್ರಿಕೆಗಳಲ್ಲಿ ಬರುವ ರಾಜಕೀಯ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕೆಂದೂ ಹೇಳಿತು. ಬೆಂಗಳೂರಿನಲ್ಲಿ ಮೇ 6 ಮತ್ತು 7ರಂದು ಪ್ರಧಾನಿಯವರ ರೋಡ್ ಶೋ ಕನ್ನಡ ವಾಹಿನಿಗಳ ಪರದೆ ತುಂಬಿತು. ಇವೆರಡೂ ನಮ್ಮ ಈಗಿನ ವಿಧಾನಕ್ಕೆ ಸುಲಭವಾಗಿ ಸಿಗುತ್ತವೆ. ಆದರೆ ಆ ಚುನಾವಣೆಯಲ್ಲಿ ಕಾಂಗ್ರೆಸ್ ತನ್ನ ಭರವಸೆಗಳನ್ನು ಅಚ್ಚು ಮಾಡಿಸಿದ, ಪಕ್ಷದ ನಾಯಕರಾದ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಅವರ ಸಹಿ ಇದ್ದ ಗ್ಯಾರಂಟಿ ಕಾರ್ಡ್ ಕಾರ್ಯಕರ್ತರ ಕೈಯಿಂದ ಮನೆಮನೆಗೆ ಹೋಯಿತು. ಪತ್ರಿಕೆಯ ಜಾಗ ಅಳೆಯುವವರಿಗೆ ಈ ಕಾರ್ಡ್ ಕಾಣುವುದೇ ಇಲ್ಲ. ಅದನ್ನು ಕೊಟ್ಟವರು ಯಾರು, ಮನೆಯಲ್ಲಿ ಪಡೆದವರು ಯಾರು, ತಿಂಗಳಿಗೆ 2,000 ರೂಪಾಯಿ ಕೊಡುವ ಭರವಸೆಯನ್ನು ಮನೆಯ ಯಜಮಾನಿಗೆ ವಿವರಿಸಿದ್ದು ಬೂತ್ ಕಾರ್ಯಕರ್ತನೋ ಸ್ವಸಹಾಯ ಸಂಘದ ಗೆಳತಿಯೋ, ಅವರು ನಂಬಿದ್ದು ಸಹಿಯನ್ನೋ ಕೊಟ್ಟವರನ್ನೋ? ಈರಿ ಕೌಂಟಿಯ ಎರಡು ಹಂತದ ಹರಿವು ಇಲ್ಲಿ ನಿಜವೇ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕಿಲ್ಲ. ಇಂಥ ಕಾಗದಗಳನ್ನು ಹುಡುಕಲು ಒಂದು ಜಾಗವೂ ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಚುನಾವಣಾ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು ಇರಬೇಕು. ಮುದ್ರಕರು ಒಂದು ಪ್ರತಿಯನ್ನು ರಾಜಧಾನಿಯಲ್ಲಿ ಮುಖ್ಯ ಚುನಾವಣಾಧಿಕಾರಿಗೆ, ಉಳಿದೆಡೆ ಜಿಲ್ಲಾಧಿಕಾರಿಗೆ ಕಳಿಸಬೇಕು. ಕಾನೂನು ಪಾಲನೆಯಾಗಿದ್ದರೆ ನಮ್ಮ ಕರಪತ್ರ ಸಂಗ್ರಹ ಆ ಕಚೇರಿಗಳಲ್ಲಿ ಇರಬೇಕು. ಪಾಲನೆಯಾಗಿಲ್ಲದಿದ್ದರೆ ಅದೂ ಬರೆಯಬೇಕಾದ ಸಂಗತಿಯೇ.

ಹೀಗೆ ಇಡೀ ದಾರಿಯನ್ನು ಓದಬೇಕೆಂಬ ವಾದಕ್ಕೆ ಬರುವ ಮೊದಲ ಆಕ್ಷೇಪ ಸಮಯದ್ದು. ಎರಡು ವರ್ಷದ ಕೋರ್ಸು, ಕೊನೆಯ ಸೆಮಿಸ್ಟರ್‌ನಲ್ಲಿ ಕೆಲವೇ ವಾರ, ಕ್ಷೇತ್ರಕಾರ್ಯಕ್ಕೆ ಹಣವಿಲ್ಲ. ಆಕ್ಷೇಪದಲ್ಲಿ ಸತ್ಯವಿದೆ, ಆದರೆ ಇಡೀ ರಾಜ್ಯವನ್ನು ಅಳೆಯಿರಿ ಎಂದು ಯಾರೂ ಕೇಳುತ್ತಿಲ್ಲ. ಒಂದು ಹೋಬಳಿ, ಒಂದು ವಾರ್ಡ್, ಐವತ್ತು ಮನೆ ಸಾಕು. ಚಾಪೆಲ್ ಹಿಲ್‌ನ ನೂರು ಜನರಿಂದ ಒಂದು ಹೊಸ ಪ್ರಶ್ನೆಯೇ ಹುಟ್ಟಿತು. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಪ್ರಚಾರ ಈಗ ವಾಟ್ಸ್ಆ್ಯಪ್ ಗುಂಪುಗಳೊಳಗೆ ನಡೆಯುತ್ತದೆ, ಅಲ್ಲಿಗೆ ಸಂಶೋಧಕರಿಗೆ ಬಾಗಿಲಿಲ್ಲ, ಆದ್ದರಿಂದ ದಾರಿ ಹುಡುಕುವ ಮಾತು ವ್ಯರ್ಥ ಎನ್ನುತ್ತಾರೆ. ಗುಂಪಿನೊಳಗೆ ಹೆಸರು ಮರೆಸಿ ನುಸುಳುವುದನ್ನು ನಾನು ಒಪ್ಪುವುದಿಲ್ಲ, ಅದು ಸಂಶೋಧನೆಯ ನೀತಿಗೆ ವಿರುದ್ಧ. ಕಂಪನಿಗಳು ಕೊಡುವ ಸಾಧನಗಳನ್ನೇ ನಂಬಿ ಕೂರುವುದೂ ಸಾಲದು. ಫೇಸ್‌ಬುಕ್‌ನ ಸಾರ್ವಜನಿಕ ಬರಹಗಳನ್ನು ಹಿಂಬಾಲಿಸಲು ಸಂಶೋಧಕರು ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಅನ್ನು ಮೆಟಾ 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಉಳಿದ ದಾರಿ ಹಳೆಯದು: ಒಪ್ಪಿಗೆ ಪಡೆದು ಜನರನ್ನೇ ಕೇಳುವುದು, ಅವರ ಫೋನಿಗೆ ಬಂದದ್ದರಲ್ಲಿ ಯಾವುದನ್ನು ಮುಂದಕ್ಕೆ ಕಳಿಸಿದರು, ಯಾವುದನ್ನು ಅಳಿಸಿದರು, ಯಾಕೆ ಎಂದು. ಗೂಢಲಿಪಿ ಇರುವುದು ಸಂದೇಶಕ್ಕೆ. ಪಡೆದವರ ಬಾಯಿಗೆ ಬೀಗವಿಲ್ಲ.

ವಿದ್ಯಾರ್ಥಿಗಳಿಗೆ ಬೇಕಾದದ್ದು ಕೆಲಸ, ಈ ಪಾಂಡಿತ್ಯವಲ್ಲ ಎನ್ನುವವರೂ ಇದ್ದಾರೆ. ಈ ಮಕ್ಕಳಲ್ಲಿ ಹಲವರು ಪಕ್ಷಗಳ ವಾರ್ ರೂಮ್‌ಗಳಿಗೆ, ಪ್ರಚಾರ ಸಂಸ್ಥೆಗಳಿಗೆ ಸೇರುತ್ತಾರೆ ಎಂಬುದು ನಿಜ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಇನ್ನು ಕೆಲವರು ಅದೇ ವಾರ್ ರೂಮ್‌ಗಳ ಬಗ್ಗೆ ವರದಿ ಮಾಡುತ್ತಾರೆ. ಖರ್ಚಿನ ಲೆಕ್ಕ ಓದಲು ಬಾರದ, ಕಾನೂನಿನ ಸೆಕ್ಷನ್ ತಿಳಿಯದ, ಮತದಾರರೊಡನೆ ಅರ್ಧ ಗಂಟೆ ಮಾತಾಡಿ ಅದನ್ನು ಪ್ರಾಮಾಣಿಕವಾಗಿ ದಾಖಲಿಸಲು ಬಾರದ ಪದವೀಧರರು ಎರಡೂ ಕಡೆ ಬೇರೆಯವರು ಹೇಳಿದ್ದನ್ನು ದಾಟಿಸುವವರಾಗಿ ಉಳಿಯುತ್ತಾರೆ. ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ ಬರಬೇಕು. ಅಷ್ಟರೊಳಗೆ ರಾಜ್ಯದ ವಿಭಾಗಗಳು ತಲಾ ಒಂದು ಕ್ಷೇತ್ರವನ್ನು ಹಂಚಿಕೊಂಡು, ಅಲ್ಲಿನ ಸ್ಥಳೀಯ ಪುಟಗಳು, ಕರಪತ್ರಗಳು, ಖರ್ಚಿನ ಲೆಕ್ಕ ಮತ್ತು ಹೆಸರು ತೆಗೆದ ಸಂದರ್ಶನಗಳನ್ನು ಒಂದೇ ಮಾದರಿಯಲ್ಲಿ ಸಂಗ್ರಹಿಸಿ ತಮ್ಮ ಗ್ರಂಥಾಲಯದಲ್ಲಿ ಇಡಲು ಒಪ್ಪಬೇಕು. ಅದಕ್ಕೆ ಬೇಕಾದ ಪ್ರಶ್ನಾವಳಿಯ ಕೆಲಸ ಈ ಶೈಕ್ಷಣಿಕ ವರ್ಷದಲ್ಲೇ ಶುರುವಾಗಲಿ ಎಂದು ವಿಭಾಗಗಳ ಮುಖ್ಯಸ್ಥರನ್ನು ಕೋರುತ್ತೇನೆ.